ಗಿನಿಪಿಗ್‌ಗೆ ಉಚ್ಚೆ ತೊಂದ್ರೆ ಆದ್ರೆ ಡಾಕ್ಟ್ರ ಹತ್ರ ಹೋಗೋದು ಹೇಗೆ

ನಮ್ಮನೇಲಿರೋದು ಎರಡು ಗಿನಿಪಿಗ್, ಬೆಲ್ಲ ಮತ್ತೆ ಕಡ್ಲೆ, ಎರಡೂ ಹೆಣ್ಣು. ಬೆಲ್ಲ ಅಂದ್ರೆ ಕೊತ್ತಂಬರಿ ಕಟ್ಟು ಬಿಚ್ಚೋ ಸದ್ದಿಗೇ ವೀಕ್ ವೀಕ್ ಅಂತ ಮನೆ ಎತ್ತಿ ಹಾಕೋಳು. ಅವಳಿಗೆ ನಾಲ್ಕನೇ ವರ್ಷ ನಡೀತಿದ್ದಾಗ ಒಂದಿನ ಬೆಳಗ್ಗೆ ಮೂಲೇಲಿ ಬೆನ್ನು ಗೂನು ಮಾಡ್ಕೊಂಡು ಕೂತಿದ್ಲು, ಸುಸು ಮಾಡೋ ಹೊತ್ತಿಗೆ ಕುಂಯ್ಯ್ ಅಂತ ಎಳೆದ ಸದ್ದು, ಕೆಳಗಿದ್ದ ಬಟ್ಟೆ ಮೇಲೆ ತಿಳಿ ಗುಲಾಬಿ ಕಲೆ. ಹತ್ರದಲ್ಲಿದ್ದ ಕ್ಲಿನಿಕ್‌ಗೆ ಓಡಿದ್ವಿ, ನಾಯಿ ಬೆಕ್ಕು ನೋಡೋ ಜಾಗ, ರಿಜಿಸ್ಟರ್‌ನಲ್ಲಿ ಮೊಲ ಅಂತ ಬರ್ಕೊಂಡ್ರು. ಇನ್ಫೆಕ್ಷನ್ ಅಂದ್ರು, ಒಂದು ವಾರ ಆಂಟಿಬಯೋಟಿಕ್, ಎರಡು ದಿನ ಆರಾಮಾದ್ಲು, ಮತ್ತೆ ಅದೇ ಶುರು, ಮತ್ತೊಂದು ವಾರ ಅದೇ ಔಷಧಿ. ಇಪ್ಪತ್ತನೇ ದಿನಕ್ಕೆ ಬೇರೆ ಡಾಕ್ಟ್ರು ಎಕ್ಸ್‌ರೇ ತೆಗೆದ್ರೆ ಮೂತ್ರಚೀಲದಲ್ಲಿ ಬೆಳ್ಳಗೆ ಒಂದು ಕಲ್ಲು, ಹೆಸರುಕಾಳಿಗಿಂತ ದೊಡ್ಡದು, ಕಡ್ಲೆಕಾಳಿಗಿಂತ ಚೂರು ಚಿಕ್ಕದು. ಮೊದಲನೇ ಕ್ಲಿನಿಕ್ ಚೀಟೀಲಿ ತೂಕ 920 ಗ್ರಾಂ ಅಂತಿತ್ತು, ಎರಡನೇ ಕಡೆ 790. ಮಧ್ಯೆ ನಾವು ಒಂದ್ಸಲನಾದ್ರೂ ತೂಗಿ ನೋಡಿರಲಿಲ್ಲ.

ಅವತ್ತು ನಮಗೆ ಗೊತ್ತಿಲ್ದೇ ಇದ್ದಿದ್ದನ್ನೆಲ್ಲ ಇಲ್ಲಿ ಬರೀತಿದೀನಿ. ನಮ್ಮ ಕಡೆ ಬಹಳಷ್ಟು ಡಾಕ್ಟ್ರುಗಳು ದಿನಾ ನೋಡೋದು ಹಸು, ನಾಯಿ, ಬೆಕ್ಕು, ಗಿನಿಪಿಗ್ ಬರೋದು ಅಪರೂಪ, ಹಾಗಾಗಿ ನೀವು ಏನು ಹೇಳ್ತೀರ, ಏನು ಕೇಳ್ತೀರ ಅನ್ನೋದ್ರ ಮೇಲೆ ತುಂಬಾ ನಿಂತಿರತ್ತೆ.

ಮೊದ್ಲು, ಯಾವುದು ತೊಂದ್ರೆ ಯಾವುದು ಅಲ್ಲ

ಗಿನಿಪಿಗ್ ಉಚ್ಚೆ ನಮ್ಮದರ ಥರ ತಿಳಿಯಾಗಿರಲ್ಲ. ಮಂದವಾಗಿ, ಹಾಲು ಬೆರೆಸಿದ ಹಾಗೆ, ಹಳದಿ ಬಣ್ಣಕ್ಕಿರತ್ತೆ, ಒಣಗಿದ್ಮೇಲೆ ಬಿಳಿ ಪುಡಿ ಉಳಿಯತ್ತೆ. ಯಾಕಂದ್ರೆ ಇವು ತಿಂದ ಕ್ಯಾಲ್ಸಿಯಂನ ಕರುಳು ಧಾರಾಳವಾಗಿ ಹೀರ್ಕೊಳ್ಳತ್ತೆ, ಹೆಚ್ಚಾಗಿದ್ದು ಮೂತ್ರದಲ್ಲೇ ಹೊರಗೆ ಹೋಗ್ಬೇಕು. ಆ ಪುಡೀನ ಬೆರಳಲ್ಲಿ ಉಜ್ಜಿ ನೋಡಿ, ಟಾಲ್ಕಂ ಪೌಡರ್ ಥರ ನುಣ್ಣಗಿದ್ರೆ ಪರವಾಗಿಲ್ಲ, ರವೆ ಥರ ಗರಗರ ಅಂದ್ರೆ, ಅಥವಾ ಟೂತ್‌ಪೇಸ್ಟ್ ಹಾಗೆ ಗಟ್ಟಿಯಾಗಿ ಬರ್ತಿದ್ರೆ ಅದು ತೊಂದ್ರೆ.

ಬಣ್ಣ ನೋಡಿ ಗಾಬರಿ ಆಗೋರು ಜಾಸ್ತಿ. ಬೀಟ್‌ರೂಟ್ ತಿಂದಿದ್ರೆ ಕೆಂಪಗೆ ಬರಬಹುದು, ಕೆಲವು ಸಲ ಉಚ್ಚೇಲೇ ಇರೋ ಪಿಗ್ಮೆಂಟ್‌ನಿಂದ (ಬಣ್ಣ ಕೊಡೋ ಅಂಶ) ಕಿತ್ತಳೆ, ಕಂದು ಬಣ್ಣಕ್ಕೂ ತಿರುಗತ್ತೆ, ಅದು ರಕ್ತ ಅಲ್ಲ. ರಕ್ತನೋ ಅಲ್ವೋ ಅಂತ ಕಣ್ಣಲ್ಲಿ ಹೇಳೋಕಾಗಲ್ಲ, ಕ್ಲಿನಿಕ್‌ನಲ್ಲಿ ಡಿಪ್‌ಸ್ಟಿಕ್ (ಬಣ್ಣ ಬದಲಾಗೋ ಟೆಸ್ಟ್ ಪಟ್ಟಿ) ಅದ್ದಿದ್ರೆ ಎರಡು ನಿಮಿಷಕ್ಕೆ ಗೊತ್ತಾಗತ್ತೆ. ಮನೇಲಿ ಮಾಡಬಹುದಾದ್ದು ಇಷ್ಟೇ: ಬಣ್ಣದ ಬಟ್ಟೆ, ಮರದ ಪುಡಿ ಎಲ್ಲ ತೆಗ್ದು ಬಿಳಿ ಟವೆಲ್ ಹಾಸಿ ಒಂದು ಗಂಟೆ ಬಿಡಿ, ಕಲೆ ಫೋಟೋ ತೆಗೀರಿ, ಹಸಿಯಾಗಿದ್ದಾಗ ಒಂದು, ಒಣಗಿದ್ಮೇಲೆ ಒಂದು.

ಬಣ್ಣಕ್ಕಿಂತ ನಾನು ಜಾಸ್ತಿ ನಂಬೋದು ನಡವಳಿಕೆನ. ಸುಸು ಮಾಡುವಾಗ, ಹಿಕ್ಕೆ ಹಾಕುವಾಗ ಕಿರುಚೋದು, ಹಿಂದಿನ ಭಾಗ ಮೇಲೆತ್ತಿ ಹಾಗೇ ನಿಲ್ಲೋದು, ಮತ್ತೆ ಮತ್ತೆ ಹೋಗಿ ಎರಡು ಹನಿ ಹಾಕಿ ಬರೋದು, ಕೆಳಗಡೆ ಯಾವಾಗ್ಲೂ ಒದ್ದೆ ಇದ್ದು ನಾತ ಹೊಡೆಯೋದು, ಹಲ್ಲು ಕಟಕಟ ಅನ್ನಿಸೋದು, ರೋಮ ಉಬ್ಬಿಸ್ಕೊಂಡು ಕೂರೋದು. ಬೇಟೆಗೆ ಸಿಗೋ ಪ್ರಾಣಿ ಆದ್ದರಿಂದ ನೋವನ್ನ ಮುಚ್ಚಿಡೋದು ಅದರ ರಕ್ತದಲ್ಲೇ ಇದೆ, ನಮಗೆ ಕಾಣೋ ಹೊತ್ತಿಗೆ ಎಷ್ಟೋ ದಿನದಿಂದ ಇರತ್ತೆ.

ಇನ್ನೊಂದು ಮಾತು, ಗಂಡು ಗಿನಿಪಿಗ್ ಸಾಕಿರೋರು ಕೆಲವು ಸಲ ಬಟ್ಟೆ ಮೇಲೆ ಬಿಳಿ, ರಬ್ಬರ್ ಥರ ಇರೋ ಚೂರು ನೋಡಿ ಕಲ್ಲು ಬಿತ್ತು ಅಂತ ಓಡ್ತಾರೆ. ಅದು ಬಹುಮಟ್ಟಿಗೆ ವೀರ್ಯ ಗಟ್ಟಿಯಾಗಿದ್ದು, ಒತ್ತಿದ್ರೆ ಬಾಗತ್ತೆ. ಕಲ್ಲು ಬಾಗಲ್ಲ.

ಯಾವಾಗ ನಾಳೆ ಅನ್ಬಾರದು

ಗಂಡಿಗೆ ಮೂತ್ರನಾಳ ಕಿರಿದು, ಕಲ್ಲು ಅದರಲ್ಲಿ ಸಿಕ್ಕಾಕ್ಕೊಂಡ್ರೆ ಉಚ್ಚೆ ಪೂರ್ತಿ ನಿಂತೋಗತ್ತೆ, ಹೊಟ್ಟೆ ಕೆಳಗೆ ಗಟ್ಟಿ ಚೆಂಡಿನ ಹಾಗೆ ಸಿಗತ್ತೆ. ಅದು ಅವತ್ತೇ, ಆ ಹೊತ್ತೇ ಹೋಗ್ಬೇಕಾದ ಕೇಸು, ರಾತ್ರಿ ಆದ್ರೆ ರಾತ್ರೀನೇ. ಹೆಣ್ಣಿಗೆ ನಾಳ ಸ್ವಲ್ಪ ಅಗಲ, ಸಣ್ಣ ಕಲ್ಲು ತಾನಾಗೇ ಬಿದ್ದೋಗಿರೋದೂ ಇದೆ, ಆದ್ರೆ ಆ ದ್ವಾರ ಮಲದ್ವಾರಕ್ಕೆ ತೀರಾ ಹತ್ರ ಇರೋದ್ರಿಂದ ಇನ್ಫೆಕ್ಷನ್ ಹೆಣ್ಣಿಗೇ ಜಾಸ್ತಿ. ಯಾವುದೇ ಆಗ್ಲಿ, ಹನ್ನೆರಡು ಗಂಟೆ ಏನೂ ತಿಂದಿಲ್ಲ ಅಂದ್ರೆ ಅದೂ ಎಮರ್ಜೆನ್ಸಿನೇ. ನೋವಿಗೆ ಊಟ ಬಿಡತ್ತೆ, ಊಟ ಬಿಟ್ರೆ ಕರುಳು ಓಡೋದು ನಿಲ್ಲತ್ತೆ, ಕಲ್ಲಿಗಿಂತ ಮುಂಚೆ ಅದೇ ಪ್ರಾಣ ತೆಗೀಬಹುದು.

ಈ ಮಧ್ಯೆ ಮನೆ ದೊಡ್ಡೋರಿಂದ ಒಂದು ಸಲಹೆ ಬಂದೇ ಬರತ್ತೆ. ನಮ್ಮತ್ತೆ ಬಾಳೆದಿಂಡಿನ ರಸ ಹಿಂಡಿ ಲೋಟದಲ್ಲಿ ರೆಡಿ ಮಾಡಿಟ್ಟಿದ್ರು, ಪಕ್ಕದ್ಮನೆ ಆಂಟಿ ಬಾರ್ಲಿ ನೀರು ಅಂದ್ರು, ಮೆಡಿಕಲ್ ಶಾಪ್‌ನವನು ಮನುಷ್ಯರ ಕಲ್ಲು ಕರಗಿಸೋ ಮಾತ್ರೆ ಕಾಲು ಭಾಗ ಕೊಡಿ ಅಂದ. ಅವರದ್ದೆಲ್ಲ ಪ್ರೀತೀನೇ, ಸರಿ, ಆದ್ರೆ ಗಿನಿಪಿಗ್ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಸೀಮೆಸುಣ್ಣದ ಜಾತಿ. ನಾಯಿಗಳಲ್ಲಿ ಕೆಲವು ಕಲ್ಲನ್ನ ಬರೀ ಆಹಾರ ಬದಲಾಯಿಸಿ ಕರಗಿಸ್ತಾರೆ, ಇದು ಹಾಗೆ ಕರಗೋದಲ್ಲ. ರಸ ಕುಡಿಸ್ತಾ ಕಾದ್ರೆ ದಿನ ಹೋಗತ್ತೆ ಅಷ್ಟೇ. (ಬಾಳೆದಿಂಡು ಆಮೇಲೆ ಪಲ್ಯ ಆಯ್ತು, ಚೆನ್ನಾಗಿತ್ತು.)

ಡಾಕ್ಟ್ರನ್ನ ಹುಡುಕೋದು

ಗಿನಿಪಿಗ್ ತಂದ ದಿನಾನೇ ಈ ಕೆಲ್ಸ ಮಾಡಿಟ್ಕೊಳ್ಳಿ, ಕಾಯಿಲೆ ಬಂದ್ಮೇಲಲ್ಲ. ಎಕ್ಸಾಟಿಕ್ ಪೆಟ್ (ಅಂದ್ರೆ ನಾಯಿ ಬೆಕ್ಕು ಬಿಟ್ಟು ಬೇರೆ ಥರದ ಸಾಕುಪ್ರಾಣಿ) ನೋಡ್ತೀವಿ ಅನ್ನೋ ಕ್ಲಿನಿಕ್ ಬೆಂಗ್ಳೂರಲ್ಲಿ ಸಿಗತ್ತೆ, ಆದ್ರೆ ಬೋರ್ಡ್ ಮೇಲೆ ಬರೆದಿದ್ದನ್ನ ನಂಬಿ ಸುಮ್ನಿರಬೇಡಿ, ಫೋನ್ ಮಾಡಿ ನೇರವಾಗಿ ಕೇಳಿ: ಗಿನಿಪಿಗ್ ನೋಡ್ತೀರಾ, ತಿಂಗಳಿಗೆ ಎಷ್ಟು ಬರತ್ತೆ, ಎಕ್ಸ್‌ರೇ ನಿಮ್ಮಲ್ಲೇ ಇದ್ಯಾ, ಮೂತ್ರಚೀಲದ ಕಲ್ಲಿನ ಆಪರೇಶನ್ ಮಾಡಿದೀರಾ, ಭಾನುವಾರ ರಾತ್ರಿ ಹೀಗಾದ್ರೆ ಎಲ್ಲಿಗೆ ಹೋಗ್ಲಿ. ಅವರಿಗೆ ಅನುಭವ ಇದ್ರೆ ಬೇಜಾರಿಲ್ಲದೆ ಉತ್ತರ ಕೊಡ್ತಾರೆ, ಇಲ್ಲಾಂದ್ರೆ ನಾವು ನೋಡಲ್ಲ, ಇಂಥವರ ಹತ್ರ ಹೋಗಿ ಅಂತಾರೆ, ಅದೂ ಒಳ್ಳೇದೇ. ಹೆಬ್ಬಾಳದ ವೆಟರ್ನರಿ ಕಾಲೇಜು 1958ರಿಂದ ಇದೆ, ಅಲ್ಲಿ ಪ್ರಾಣಿಗಳ ಆಸ್ಪತ್ರೆ ಇದೆ, ಹೊರಡೋ ಮುಂಚೆ ಅವತ್ತು ಸಣ್ಣ ಪ್ರಾಣಿ ನೋಡೋರು ಇದಾರಾ ಅಂತ ವಿಚಾರಿಸ್ಕೊಂಡು ಹೋಗಿ. ಬೇರೆ ಊರಲ್ಲಿರೋರಿಗೆ ಹತ್ರ ಎಕ್ಸಾಟಿಕ್ ಡಾಕ್ಟ್ರು ಸಿಗದೇ ಇದ್ರೆ, ಮೊಲ ನೋಡಿ ಅಭ್ಯಾಸ ಇರೋರು ಮುಂದಿನ ಆಯ್ಕೆ, ಅವರು ದೂರದ ಎಕ್ಸಾಟಿಕ್ ಡಾಕ್ಟ್ರ ಜೊತೆ ಫೋನಲ್ಲಿ ಮಾತಾಡಿ ಟ್ರೀಟ್ ಮಾಡೋಕೆ ಒಪ್ತಾರಾ ಕೇಳಿ, ತುಂಬಾ ಜನ ಒಪ್ತಾರೆ.

ಹೋಗೋ ಮುಂಚೆ ಮನೇಲಿ

ಅಡುಗೆಮನೆ ಡಿಜಿಟಲ್ ತಕ್ಕಡಿ ಒಂದಿದ್ರೆ ಸಾಕು, ಮೇಲೆ ಒಂದು ಬುಟ್ಟಿ ಇಟ್ಟು ಸೊನ್ನೆ ಮಾಡಿ ಗಿನಿಪಿಗ್ ಕೂರಿಸಿ. ಆರಾಮಿದ್ದಾಗ ವಾರಕ್ಕೊಂದ್ಸಲ, ಹುಷಾರಿಲ್ಲದಾಗ ದಿನಾ ಒಂದೇ ಹೊತ್ತಿಗೆ. ಎರಡು ಮೂರು ದಿನದಲ್ಲಿ 50 ಗ್ರಾಂ ಇಳಿದಿದ್ರೆ ಡಾಕ್ಟ್ರಿಗೆ ಫೋನ್ ಮಾಡೋಕೆ ಅದೊಂದೇ ಕಾರಣ ಸಾಕು. ಜೊತೆಗೆ ಚೀಟೀಲಿ ಬರ್ಕೊಳ್ಳಿ, ಯಾವತ್ತಿಂದ ಶುರುವಾಯ್ತು, ದಿನಕ್ಕೆ ಏನೇನು ತಿನ್ನತ್ತೆ, ಪೆಲೆಟ್ ಯಾವ್ದು (ಪ್ಯಾಕೆಟ್ ಹಿಂದಿನ ಫೋಟೋ), ನೀರು ಎಷ್ಟು ಕುಡಿಯತ್ತೆ, ಹಿಕ್ಕೆ ಚಿಕ್ಕದಾಗಿದ್ಯಾ. ಮತ್ತೆ ವಿಡಿಯೋ. ಇದು ಮುಖ್ಯ, ಯಾಕಂದ್ರೆ ಕ್ಲಿನಿಕ್ ಟೇಬಲ್ ಮೇಲೆ ಇಟ್ಟ ತಕ್ಷಣ ಗಿನಿಪಿಗ್ ಕಲ್ಲಿನ ಬಸವನ ಹಾಗೆ ಕೂತ್ಬಿಡತ್ತೆ, ಸುಸುನೂ ಮಾಡಲ್ಲ, ಕಿರುಚೋದೂ ಇಲ್ಲ, ನೀವು ಸುಳ್ಳು ಹೇಳಿದ ಹಾಗಾಗತ್ತೆ. ಸದ್ದು ಕೇಳಿಸೋ ಹಾಗೆ ಹತ್ತು ಸೆಕೆಂಡ್ ವಿಡಿಯೋ ಇದ್ರೆ ಮಾತೇ ಬೇಡ.

ಸ್ಯಾಂಪಲ್ ಬೇಕು ಅಂದ್ರೆ ತೊಳೆದು ಒಣಗಿಸಿದ ಪ್ಲಾಸ್ಟಿಕ್ ಟಬ್‌ನಲ್ಲಿ ಏನೂ ಹಾಸದೆ ಬಿಡಿ, ತಿನ್ನೋಕೆ ಸೌತೆಕಾಯಿ ಕೊಡಿ, ಸುಸು ಮಾಡಿದ ತಕ್ಷಣ ಹಿಕ್ಕೆ ತಾಗೋ ಮುಂಚೆ ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಎಳ್ಕೊಂಡು ಕ್ಯಾಪ್ ಹಾಕಿ. ಬೇಗ ತಲುಪಿಸಿ, ತಡ ಆಗೋದಾದ್ರೆ ಫ್ರಿಜ್‌ನಲ್ಲಿಡಿ, ಮನೆಯವರಿಗೆ ಹೇಳಿಟ್ಟಿರಿ. ಆದ್ರೆ ನೆಲದಿಂದ ಎತ್ತಿದ ಸ್ಯಾಂಪಲ್ ಕಲ್ಚರ್ ಟೆಸ್ಟ್‌ಗೆ ಉಪಯೋಗಕ್ಕೆ ಬರಲ್ಲ, ಯಾವ ಬ್ಯಾಕ್ಟೀರಿಯಾ ಅಂತ ಸರಿಯಾಗಿ ತಿಳೀಬೇಕಂದ್ರೆ ಡಾಕ್ಟ್ರೇ ಸೂಜಿಯಿಂದ ಮೂತ್ರಚೀಲದಿಂದ ತೆಗೀಬೇಕು. ಇನ್ನು ಬೀದಿ ಕೊನೇಲಿರೋ ಮನುಷ್ಯರ ಲ್ಯಾಬ್‌ಗೆ ಕೊಟ್ಟು ರಿಪೋರ್ಟ್ ತರೋ ಐಡಿಯಾ ಬೇಡ. ಪಿಎಚ್ (ಆಮ್ಲ, ಕ್ಷಾರದ ಅಳತೆ) ಜಾಸ್ತಿ, ಕ್ರಿಸ್ಟಲ್ ಇದೆ ಅಂತೆಲ್ಲ ಕೆಂಪು ಅಕ್ಷರದಲ್ಲಿ ಬರತ್ತೆ. ಗಿನಿಪಿಗ್ ಉಚ್ಚೆ ಪಿಎಚ್ 8, 9 ಇರೋದೇ ಸಹಜ, ಕ್ರಿಸ್ಟಲ್ ಆರೋಗ್ಯವಾಗಿರೋದರಲ್ಲೂ ಇರತ್ತೆ.

ಪ್ರಯಾಣಕ್ಕೆ ಬೆಕ್ಕಿನ ಕ್ಯಾರಿಯರ್ ಸಾಕು, ರಟ್ಟಿನ ಡಬ್ಬ ಬೇಡ, ಒದ್ದೆಯಾಗಿ ತಳ ಬಿಡತ್ತೆ. ಕೆಳಗೆ ಟವೆಲ್, ಒಂದು ಹಿಡಿ ಹುಲ್ಲು, ನೀರಿನ ಬಾಟಲ್ ಬದ್ಲು ಸೌತೆಕಾಯಿ ತುಂಡು, ಬಾಟಲ್ ಆಟೋ ಕುಲುಕಾಟಕ್ಕೆ ಸೋರತ್ತೆ. ಜೊತೆಗಾರ ಇದ್ರೆ ಇಬ್ಬರನ್ನೂ ಕರ್ಕೊಂಡು ಹೋಗಿ, ನಾವು ಕಡ್ಲೇನ ಬಿಟ್ಟು ಹೋದಾಗ ಬೆಲ್ಲ ದಾರಿಯುದ್ದಕ್ಕೂ ನಡುಗ್ತಿದ್ಲು, ಎರಡನೇ ಸಲ ಇಬ್ರೂ ಅಂಟ್ಕೊಂಡು ಕೂತು ಕತ್ರಿಗುಪ್ಪೆಯಿಂದ ಹೆಬ್ಬಾಳದ ತನಕ ಆ ಟ್ರಾಫಿಕ್‌ನಲ್ಲೂ ಹುಲ್ಲು ತಿನ್ಕೊಂಡು ಬಂದ್ರು. ಮಾರ್ಚ್‌ನಿಂದ ಮೇ ತನಕ ಬೆಳಗ್ಗೆ ಅಪಾಯಿಂಟ್‌ಮೆಂಟ್ ಕೇಳಿ, 28 ಡಿಗ್ರಿ ದಾಟಿದ್ರೆ ಇವಕ್ಕೆ ತಡ್ಕೊಳೋಕಾಗಲ್ಲ. ಐಸ್ ಕಟ್ಟಿದ ಬಾಟಲ್‌ಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಕಾಯೋ ಜಾಗದಲ್ಲಿ ಬೊಗಳೋ ನಾಯಿ ಮುಂದೆ ಇಡ್ಬೇಡಿ, ಹೊರಗೆ ನೆರಳಲ್ಲಿ ನಿಂತು ಕರೆದಾಗ ಒಳಗೆ ಹೋದ್ರೂ ಯಾರೂ ಬೇಡ ಅನ್ನಲ್ಲ.

ಮತ್ತೆ ಹೊಟ್ಟೆ ಖಾಲಿ ಇಡ್ಬೇಡಿ. ಆಪರೇಶನ್‌ಗೂ ಅಷ್ಟೇ, ಇವಕ್ಕೆ ವಾಂತಿ ಮಾಡೋಕೇ ಬರಲ್ಲ, ಹಾಗಾಗಿ ನಾಯಿಗೆ ಹೇಳೋ ಹಾಗೆ ರಾತ್ರಿಯಿಂದ ಉಪವಾಸ ಅಂತ ಯಾರಾದ್ರೂ ಹೇಳಿದ್ರೆ ಗಿನಿಪಿಗ್‌ಗೂ ಹಾಗೇನಾ ಅಂತ ಇನ್ನೊಂದ್ಸಲ ಕೇಳಿ.

ಡಾಕ್ಟ್ರ ಮುಂದೆ

ಮೊದಲ ವಿಸಿಟ್‌ನಲ್ಲೇ ಎಕ್ಸ್‌ರೇ ಕೇಳಿ. ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಟ್ಕೊಳೋದಾದ್ರೆ ಇದನ್ನ ಇಟ್ಕೊಳ್ಳಿ. ಇನ್ಫೆಕ್ಷನ್‌ದೂ ಕಲ್ಲಿಂದೂ ಲಕ್ಷಣ ಒಂದೇ ಥರ, ಎರಡೂ ಒಟ್ಟಿಗೆ ಇರೋದೂ ಇದೆ, ಕಲ್ಲು ಇದ್ದಾಗ ಆಂಟಿಬಯೋಟಿಕ್, ನೋವಿನ ಔಷಧಿ ಕೊಟ್ರೆ ನಾಲ್ಕು ದಿನ ತಣ್ಣಗಾಗತ್ತೆ, ನಾವು ವಾಸಿ ಆಯ್ತು ಅಂದ್ಕೋತೀವಿ. ಕ್ಯಾಲ್ಸಿಯಂ ಕಲ್ಲು ಎಕ್ಸ್‌ರೇಲಿ ಬೆಳ್ಳಗೆ ಎದ್ದು ಕಾಣತ್ತೆ, ಇದೊಂದು ಅನುಕೂಲ. ಅಡ್ಡ ಮಲಗಿಸಿ ಒಂದು, ಅಂಗಾತ ಮಲಗಿಸಿ ಒಂದು, ಎರಡು ಕೋನದಿಂದ ತೆಗೀಬೇಕು, ಮತ್ತೆ ಹಿಂಭಾಗ ಪೂರ್ತಿ ಫಿಲ್ಮ್ ಒಳಗೆ ಬರ್ಬೇಕು. ನಾಳದ ತುದೀಲಿ ಕೂತಿರೋ ಕಲ್ಲು ಫಿಲ್ಮ್ ಅಂಚಿಂದ ಆಚೆ ಉಳ್ಕೊಂಡ್ರೆ ಕಲ್ಲಿಲ್ಲ ಅಂತ ವಾಪಸ್ ಕಳಿಸ್ಬಿಡ್ತಾರೆ.

ಹೆಣ್ಣಾಗಿದ್ರೆ ಅಲ್ಟ್ರಾಸೌಂಡ್ ಸ್ಕ್ಯಾನ್ ಬಗ್ಗೆನೂ ಕೇಳಿ. ವಯಸ್ಸಾದ ಹೆಣ್ಣುಗಳಲ್ಲಿ ಅಂಡಾಶಯದ ಸಿಸ್ಟ್ (ನೀರು ತುಂಬಿದ ಗುಳ್ಳೆ) ತುಂಬಾ ಸಾಮಾನ್ಯ, ಗರ್ಭಕೋಶದಿಂದ ಬರೋ ರಕ್ತ ಉಚ್ಚೆ ಜೊತೆ ಸೇರಿ ಬಂದ್ರೆ ನಮಗೆ ಮೂತ್ರದ್ದೇ ಅನ್ಸತ್ತೆ.

ಆಂಟಿಬಯೋಟಿಕ್ ಬರೆದ್ರೆ ಹೆಸರು ಓದಿ, ಅರ್ಥ ಆಗ್ಲಿಲ್ಲಾಂದ್ರೆ ಕೇಳಿ ಬರೆಸ್ಕೊಳ್ಳಿ. ಆಮಾಕ್ಸಿಸಿಲಿನ್, ಆಂಪಿಸಿಲಿನ್ ಥರದ ಪೆನಿಸಿಲಿನ್ ಜಾತಿ ಔಷಧಿಗಳು, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್, ಇವು ಬಾಯಲ್ಲಿ ಹೋದ್ರೆ ಗಿನಿಪಿಗ್ ಕರುಳಿನ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರೀಡಿಯಂ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಬೆಳ್ಕೊಂಡು ಭೇದಿ ಆಗಿ ಕೆಲವೇ ದಿನದಲ್ಲಿ ಜೀವ ಹೋಗಬಹುದು. ನಮ್ಮ ಮನೆಗಳಲ್ಲಿ ಜ್ವರಕ್ಕೆ ತಂದು ಉಳಿದ ಆಮಾಕ್ಸಿಸಿಲಿನ್ ಸಿರಪ್ ಫ್ರಿಜ್ ಬಾಗಿಲಲ್ಲಿ ಇದ್ದೇ ಇರತ್ತೆ, ಪಾಪ ಎರಡು ಹನಿ ಹಾಕೋಣ ಅನ್ಸತ್ತೆ, ದಯವಿಟ್ಟು ಹಾಕ್ಬೇಡಿ. ಸಾಮಾನ್ಯವಾಗಿ ಬರೆಯೋದು ಎನ್ರೋಫ್ಲಾಕ್ಸಸಿನ್, ಇಲ್ಲಾ ಟ್ರೈಮೆಥೊಪ್ರಿಮ್ ಸಲ್ಫಾ. ಡೋಸ್ ತೂಕದ ಲೆಕ್ಕ, ಅದನ್ನ ಡಾಕ್ಟ್ರೇ ಹಾಕ್ಬೇಕು, ನಾನು ಇಲ್ಲಿ ಬರೆಯಲ್ಲ. ನೋವಿಗೆ ಏನು ಕೊಡ್ತೀರ ಅಂತ ಬೇರೆಯಾಗಿ ಕೇಳಿ, ಮೆಲಾಕ್ಸಿಕ್ಯಾಮ್ ಥರದ್ದು ಬರೀತಾರೆ, ಕೆಲವರು ಮರ್ತುಬಿಡ್ತಾರೆ, ನೋವು ಇಳೀದೆ ಅದು ಊಟ ಮುಟ್ಟಲ್ಲ.

ಕಲ್ಲು ಇದೆ ಅಂತಾದ್ರೆ ಅದು ಎಲ್ಲಿದೆ ಅನ್ನೋದ್ರ ಮೇಲೆ ಮುಂದಿನ ದಾರಿ. ಹೆಣ್ಣಿನ ನಾಳದ ತುದೀಲಿದ್ರೆ ಅರಿವಳಿಕೆ ಕೊಟ್ಟು ಕೈಯಿಂದಲೇ ತೆಗೆಯೋಕಾಗಬಹುದು. ಮೂತ್ರಚೀಲದಲ್ಲಿ ದೊಡ್ಡದಿದ್ರೆ ಹೊಟ್ಟೆ ಕೊಯ್ದು ತೆಗೀಬೇಕು. ಕಿಡ್ನಿಯಲ್ಲೋ, ಕಿಡ್ನಿಯಿಂದ ಕೆಳಗೆ ಬರೋ ನಾಳದಲ್ಲೋ ಇದ್ರೆ ಕಷ್ಟ ಜಾಸ್ತಿ, ಕೆಲವು ಸಲ ನೋವು ನೋಡ್ಕೊಂಡು ದಿನ ತಳ್ಳೋದೊಂದೇ ಉಳಿಯತ್ತೆ. ಬರೀ ಕೆಸರಿನ ಥರ ಇದ್ರೆ ಡ್ರಿಪ್ ಹಾಕಿ ತೊಳೆದು ತೆಗೀತಾರೆ. ಅರಿವಳಿಕೆ ಇಷ್ಟು ಸಣ್ಣ ಪ್ರಾಣಿಗೆ ಅಪಾಯ ಇರೋದೇ, ಅದನ್ನ ಮುಚ್ಚಿಡದೆ ಹೇಳೋ ಡಾಕ್ಟ್ರನ್ನ ನಾನು ಜಾಸ್ತಿ ನಂಬ್ತೀನಿ. ಖರ್ಚೂ ಮೊದ್ಲೇ ಕೇಳಿ, ಎಕ್ಸ್‌ರೇ, ಅರಿವಳಿಕೆ, ಆಪರೇಶನ್, ಆಮೇಲಿನ ವಿಸಿಟ್ ಎಲ್ಲ ಬಿಡಿಬಿಡಿಯಾಗಿ. ಇನ್ನೂರು ಮುನ್ನೂರಕ್ಕೆ ತಂದ ಪ್ರಾಣಿಗೆ ಇಷ್ಟು ಖರ್ಚಾ ಅಂತ ಯಾರಾದ್ರೂ ನಗ್ತಾರೆ, ನಗ್ಲಿ ಬಿಡಿ. ತೆಗೆದ ಕಲ್ಲನ್ನ ಎಸೀಬೇಡಿ ಅಂತ ಹೇಳಿ, ಯಾವ ಜಾತಿ ಅಂತ ಟೆಸ್ಟ್ ಮಾಡಿಸೋಕೆ ಬೇಕಾಗತ್ತೆ.

ಮನೆಗೆ ಬಂದ್ಮೇಲೆ

ಆಪರೇಶನ್ ಆಗಿದ್ರೆ ಮರದ ಪುಡಿ ಬೇಡ, ಹೊಲಿಗೆಗೆ ಅಂಟತ್ತೆ, ಹಳೇ ಕಾಟನ್ ಸೀರೆ ಇಲ್ಲಾ ಟವೆಲ್ ಹಾಸಿ ದಿನಕ್ಕೆ ಎರಡು ಮೂರು ಸಲ ಬದಲಾಯಿಸಿ. ಮೊದಲೆರಡು ದಿನ ಉಚ್ಚೇಲಿ ಸ್ವಲ್ಪ ಕೆಂಪು ಇರಬಹುದು, ಉಚ್ಚೆನೇ ಬರ್ದಿದ್ರೆ, ಇಲ್ಲಾ ರಕ್ತ ಗಡ್ಡೆಗಡ್ಡೆ ಬಂದ್ರೆ ಫೋನ್ ಮಾಡಿ. ತಾನಾಗಿ ತಿನ್ನದಿದ್ರೆ ಪೆಲೆಟ್ ನೆನೆಸಿ ದೋಸೆ ಹಿಟ್ಟಿನಷ್ಟು ತೆಳ್ಳಗೆ ಕಲಸಿ ಸಿರಿಂಜ್‌ನಲ್ಲಿ ಬಾಯಿ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದೆ, ಸ್ವಲ್ಪ ಸ್ವಲ್ಪ ಹಾಕಿ, ಅಗಿದು ನುಂಗೋ ತನಕ ಕಾಯಿರಿ. ಅವಸರ ಮಾಡಿದ್ರೆ ಶ್ವಾಸಕ್ಕೆ ಹೋಗತ್ತೆ. ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಕೊಂಡು ಎದ್ದು ಇದನ್ನ ಮಾಡೋದು ಕಷ್ಟವೇ, ನಾನೂ ನಮ್ಮೆಜಮಾನ್ರೂ ಪಾಳಿ ಮಾಡ್ಕೊಂಡಿದ್ವಿ.

ಕಲ್ಲು ಮತ್ತೆ ಬರೋದು ತುಂಬಾ ಸಾಮಾನ್ಯ, ಊಟ ಸರಿ ಮಾಡಿದ್ರೂ ಬರಬಹುದು, ನಿಮ್ಮನ್ನ ನೀವೇ ಬೈಕೋಬೇಡಿ. ಆದ್ರೂ ಮಾಡೋದಿದೆ. ನಮ್ಮನೇಲಿ ಆಗ್ತಿದ್ದ ತಪ್ಪು ಏನಂದ್ರೆ, ಸೊಪ್ಪು ಬಿಡಿಸಿದ್ಮೇಲೆ ಉಳಿದಿದ್ದೆಲ್ಲ ಗಿನಿಪಿಗ್‌ಗೆ, ನುಗ್ಗೆಸೊಪ್ಪು, ದಂಟು, ಪಾಲಕ್, ಮೆಂತ್ಯ, ದಿನಾ. ಬಾಣಂತಿಗೆ ಕ್ಯಾಲ್ಸಿಯಂ ಅಂತ ಕೊಡೋ ಸೊಪ್ಪುಗಳೇ ಅವು. ಹಾಲಿನವರ ಹತ್ರ ಸಿಗತ್ತೆ ಅಂತ ಲೂಸರ್ನ್ ಹುಲ್ಲೂ, ಕುದುರೆ ಮೆಂತೆ ಅಂತಾರಲ್ಲ ಅದು, ತರ್ತಿದ್ವಿ. ಅದು ಅಲ್ಫಾಲ್ಫಾನೇ, ಅದರಲ್ಲೂ ಕ್ಯಾಲ್ಸಿಯಂ ಜಾಸ್ತಿ, ಮರಿಗೂ ಬಸುರಿಗೂ ಸರಿ, ದೊಡ್ಡದಕ್ಕೆ ದಿನಾ ಬೇಡ. ಈಗ ತಿಮೋಥಿ ಹುಲ್ಲು ಯಾವಾಗ್ಲೂ ಇರತ್ತೆ, ಅದು ಮುಗಿದಾಗ ಔಷಧಿ ಹೊಡೆಯದ ಜಾಗದ ಗರಿಕೆ, ಸೊಪ್ಪಿಗೆ ಲೆಟ್ಯೂಸ್, ಸ್ವಲ್ಪ ಕೊತ್ತಂಬರಿ, ಸೌತೆಕಾಯಿ, ಎಲ್ಲ ತೊಳೆದು ನೀರು ಒರೆಸದೆ ಹಾಗೇ ಕೊಡ್ತೀವಿ, ಒಳಗೆ ನೀರು ಹೋಗ್ಲಿ ಅಂತ. ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸೋದೂ ತಪ್ಪು, ಮೂಳೆ ಹಲ್ಲಿಗೆ ಬೇಕು.

ವಿಟಮಿನ್ ಸಿ ನಮ್ಮ ಹಾಗೇ ಇವಕ್ಕೂ ಮೈಯಲ್ಲಿ ತಯಾರಾಗಲ್ಲ, ದಿನಕ್ಕೆ ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಕಾಲು ದಪ್ಪ ಮೆಣಸಿನಕಾಯಿ ಕೊಟ್ರೆ ಬಹುಪಾಲು ಆಗತ್ತೆ, ವಾರಕ್ಕೊಂದೆರಡ್ಸಲ ಒಂದು ಚೂರು ಸೀಬೆಹಣ್ಣು. ನೀರಿಗೆ ಹಾಕೋ ಡ್ರಾಪ್ಸ್ ಬೇಗ ಹಾಳಾಗತ್ತೆ, ನೀರಿನ ರುಚಿ ಕೆಟ್ಟು ಅದು ಕುಡಿಯೋದೇ ಕಮ್ಮಿ ಮಾಡತ್ತೆ, ಕಲ್ಲಿನ ಕೇಸಲ್ಲಿ ಅದು ಉಲ್ಟಾ ಹೊಡೆಯತ್ತೆ. ಬೋರ್‌ವೆಲ್ ನೀರು ಬಿಟ್ಟು ಫಿಲ್ಟರ್ ನೀರು ಹಾಕ್ತಿದೀವಿ, ಅದೇ ಕಾರಣ ಅಂತ ಹೇಳೋಕಾಗಲ್ಲ, ಆದ್ರೂ ನಮ್ಮನೆ ಟ್ಯಾಪ್ ಬಾಯಲ್ಲಿ ಕಟ್ಟೋ ಬಿಳಿ ಪೊರೆ ನೋಡಿದ್ಮೇಲೆ ಮನಸ್ಸು ಒಪ್ಪಲ್ಲ.

ಬೆಲ್ಲಂಗೆ ಈಗ ಮೂರು ತಿಂಗಳಿಗೊಂದು ಎಕ್ಸ್‌ರೇ ಮಾಡಿಸ್ತೀವಿ, ಹೋಗುವಾಗ ಹಳೇ ಫಿಲ್ಮ್, ತೂಕದ ಪುಸ್ತಕ ಎರಡೂ ಬ್ಯಾಗಲ್ಲಿ. ಹೋದ ಸಲ ಚೀಲದಲ್ಲಿ ಸ್ವಲ್ಪ ಮರಳಿನ ಥರ ಕಂಡಿದೆ ಅಂದ್ರು, ನೀರಿನಂಶ ಜಾಸ್ತಿ ಕೊಟ್ಟು ಆರು ವಾರಕ್ಕೇ ಬನ್ನಿ ಅಂದಿದಾರೆ. ಇವತ್ತು ಬೆಳಗ್ಗೆ 905 ಗ್ರಾಂ.